ಹಳೇ ಸಿನಿಮಾದ ಜೋಕಿಗೆ ಮಗಳು ನಗಲಿಲ್ಲ. ನಿಮ್ಮ ಮನೆಯಲ್ಲೂ ಹೀಗಾಗಿದೆಯಾ?

ಹಳೇ_ರೀಲು, ತುಮಕೂರು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಹೇಳಿಕೊಂಡರೆ ಸ್ವಲ್ಪ ಹಗುರ ಆಗಬಹುದು ಅನ್ನಿಸಿತು.

ಭಾನುವಾರ ಮಧ್ಯಾಹ್ನ. ಮಗಳು ಬೆಂಗಳೂರಿನ ಹಾಸ್ಟೆಲಿನಿಂದ ಬಂದಿದ್ದಳು. ಊಟ ಮುಗಿಸಿ ಹಲಸಿನ ಹಣ್ಣು ಬಿಡಿಸಿಕೊಂಡು ಟಿವಿ ಮುಂದೆ ಕೂತಿದ್ದೆವು. ಎಂಬತ್ತರ ದಶಕದ ಒಂದು ಸಿನಿಮಾ ಬರುತ್ತಿತ್ತು. ಹೆಸರು ಬೇಡ, ಯಾಕೆಂದರೆ ವಿಷಯ ಆ ಒಂದು ಸಿನಿಮಾದ್ದಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಟೆಂಟಿನಲ್ಲಿ ನೋಡಿದ್ದೆ.

ಅದರಲ್ಲಿ ಒಬ್ಬ ಮನೆಯಾಳಿಗೆ ಮಾತು ತೊದಲುತ್ತದೆ. ಯಜಮಾನ ಅವನನ್ನು ಹತ್ತು ಜನರ ಮುಂದೆ ನಿಲ್ಲಿಸಿ ಒಂದು ಉದ್ದದ ಹೆಸರು ಹೇಳು ಅನ್ನುತ್ತಾನೆ. ಅವನು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಕಣ್ಣು ಅಗಲ ಆಗುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಯಜಮಾನ ಬೆನ್ನಿಗೆ ಒಂದು ಗುದ್ದು ಕೊಡುತ್ತಾನೆ. ಹೆಸರು ಪಟ್ಟಂತ ಹೊರಗೆ ಬೀಳುತ್ತದೆ. ಟೆಂಟಿನಲ್ಲಿ ಆ ಜಾಗಕ್ಕೆ ಶಿಳ್ಳೆ ಬರುತ್ತಿತ್ತು.

ಗುದ್ದು ಬೀಳುವ ಮೊದಲೇ ನಾನು ನಗಲು ಶುರು ಮಾಡಿದ್ದೆ. ಮಗಳು ಬಾಯಿಗಿಡಲು ಹೋದ ತೊಳೆಯನ್ನು ವಾಪಸ್ ತಟ್ಟೆಗೆ ಇಟ್ಟಳು. ಏನೂ ಹೇಳಲಿಲ್ಲ. ಎದ್ದು ಹಿತ್ತಲಿಗೆ ಹೋದಳು.

ಇದೇ ಹುಡುಗಿ ಅರ್ಧ ಗಂಟೆ ಮೊದಲು ಅದೇ ಸಿನಿಮಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಸಾಲ ಕೇಳಲು ಬಂದವರಿಂದ ತಪ್ಪಿಸಿಕೊಳ್ಳಲು ಜಿಪುಣ ಸಾಹುಕಾರ ಹೆಣದ ಹಾಗೆ ಮಲಗುವ ಸೀನು ಅದು. ಅದಕ್ಕೇ 'ಈಗಿನ ಮಕ್ಕಳಿಗೆ ನಗೋಕೆ ಬರಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವಳಿಗೆ ನಗು ಬರುತ್ತದೆ. ಆ ಒಂದು ಜಾಗದಲ್ಲಿ ಮಾತ್ರ ಬರಲಿಲ್ಲ. ಯಾಕೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿಸಿ ಬಂದೆ.

ನಿಮ್ಮ ಮನೆಗಳಲ್ಲಿ ಹೇಗೆ? ಮಕ್ಕಳ ಜೊತೆ ಹಳೇ ಸಿನಿಮಾ ನೋಡುವಾಗ ಹೀಗಾಗಿದೆಯಾ?

ಬಸವನಗುಡಿ_ಬಾಲು

ರೀಲು ಸರ್, ನನಗೀಗ 61. ನಿಮ್ಮ ಮಗಳ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ವಿಷಯದಲ್ಲಿ ನನಗೆ ಭಯ ಇದೆ. ಇವತ್ತು ತೊಳೆ ತಟ್ಟೆಗೆ ಇಟ್ಟರು. ನಾಳೆ ಆ ಸಿನಿಮಾನೇ ಬೇಡ ಅಂದರೆ?

ನಮ್ಮ ಹಾಸ್ಯನಟರು ಎಲ್ಲಿಂದ ಬಂದರು ಅಂತ ಈಗಿನವರು ಸ್ವಲ್ಪ ತಿಳಿದುಕೊಳ್ಳಬೇಕು. ಕಂಪನಿ ನಾಟಕದಿಂದ ಬಂದರು. ಒಳಗೆ ಅರಮನೆ ಸೀನು ಕಟ್ಟುತ್ತಿರುವಾಗ ಮುಂದೆ ಪರದೆ ಬಿಟ್ಟು ಹಾಸ್ಯಗಾರನನ್ನು ನಿಲ್ಲಿಸುತ್ತಿದ್ದರು. ಮೈಕು ಇಲ್ಲದ ಕಾಲ. ಕೊನೇ ಸಾಲಿನಲ್ಲಿ, ನೆಲದ ಮೇಲೆ ಕೂತವನಿಗೂ ನಗು ತಲುಪಬೇಕು. ಅದಕ್ಕೇ ದೊಡ್ಡ ಹಲ್ಲು, ಗೂನು ಬೆನ್ನು, ಮೆಳ್ಳಗಣ್ಣು, ತೊದಲು ಎಲ್ಲ ಬಂದವು. ಮಾತು ಕೇಳಿಸದಿದ್ದರೂ ದೇಹ ಕಾಣಿಸುತ್ತದೆ ಅಲ್ವಾ? 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ರಾಜ್‌ಕುಮಾರ್, ನರಸಿಂಹರಾಜು ಇಬ್ಬರೂ ರಂಗಭೂಮಿಯಲ್ಲಿ ಪಳಗಿಯೇ ಬಂದವರು. ಆ ರೂಢಿ ಸಿನಿಮಾಗೂ ಬಂತು. ಕ್ಯಾಮೆರಾ ಹತ್ತಿರ ಬಂದರೂ ಬರೆಯುವವರು ಹಳೇ ಅಭ್ಯಾಸ ಬಿಡಲಿಲ್ಲ. ಅದು ತಪ್ಪಿರಬಹುದು, ಆದರೆ ಕೆಟ್ಟ ಮನಸ್ಸಿನಿಂದ ಬಂದಿದ್ದಲ್ಲ.

ಬಾಲಣ್ಣನವರನ್ನೇ ನೋಡಿ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ಸರಿಯಾದ ಕ್ಷಣಕ್ಕೆ ಮಾತು ಬಿಡುತ್ತಿದ್ದರು. ನಾವೆಲ್ಲ ನಕ್ಕಿದ್ದು ಅವರ ಕಿವಿಗಲ್ಲ, ಅವರ ಕಸುಬಿಗೆ.

ಉಮಾಶ್ರೀ ಅವರ ವಿಷಯ ಬಂದರೆ ನನಗೆ ಗಂಟಲು ಕಟ್ಟುತ್ತದೆ. 1984ರ 'ಅನುಭವ'ದ ನಂತರ ವರ್ಷಗಟ್ಟಲೆ ಎನ್.ಎಸ್. ರಾವ್ ಜೊತೆ ಡಬಲ್ ಮೀನಿಂಗ್ ಪಾತ್ರ. ಜನ ಅದಕ್ಕೆ ಚಪ್ಪಾಳೆ ಹೊಡೆದರು, ಹೊರಗೆ ಬಂದು ಹೀಗಳೆದರು. ಅದೇ ಕಲಾವಿದೆ ರಂಗದ ಮೇಲೆ 'ಒಡಲಾಳ'ದ ಸಾಕವ್ವ ಆದವರು. ಅದೇ ಕಲಾವಿದೆಗೆ 'ಗುಲಾಬಿ ಟಾಕೀಸ್' ಚಿತ್ರದ ಸೂಲಗಿತ್ತಿಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ ರಾಜ್ಯದ ಮಂತ್ರಿಯಾದರು. ಹತ್ತು ನಿಮಿಷದ ಒಂದು ತುಣುಕು ನೋಡಿ ಅವರನ್ನು ಅಳೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮಲ್ಲಿಗೆ98, ಶಿವಮೊಗ್ಗ

ಬಾಲು ಅಂಕಲ್, ನಮ್ಮಲ್ಲಿ ಯಾರೂ ಕಲಾವಿದರನ್ನು ಅಳೆಯುತ್ತಿಲ್ಲ. ಉಮಾಶ್ರೀ ಅವರನ್ನು ಹೀಗಳೆದವರು ನಮ್ಮ ವಯಸ್ಸಿನವರಲ್ಲ. ಆವಾಗ ಥಿಯೇಟರಿನಲ್ಲಿ ಚಪ್ಪಾಳೆ ಹೊಡೆದವರೇ. ಇದನ್ನು ಕೋಪದಿಂದ ಹೇಳುತ್ತಿಲ್ಲ, ನೀವು ಬರೆದಿದ್ದರಲ್ಲೇ ಅದಿದೆ.

ನಾನು 1998ರಲ್ಲಿ ಹುಟ್ಟಿದವಳು. 'ಗಣೇಶನ ಮದುವೆ' ನನಗೂ ತಮ್ಮನಿಗೂ ಪೂರ್ತಿ ಬಾಯಿಪಾಠ. ವಠಾರದ ಮಾಲೀಕನ ಕಾಟ, ಪಕ್ಕದ ಮನೆಯವಳ ಜೊತೆ ಜಗಳ, ಕಾಗದದಲ್ಲಿ ಅವಳ ಜೊತೆಗೇ ಪ್ರೀತಿ. ಈಗ ನೋಡಿದರೂ ನಗುತ್ತೇವೆ. 1990ರ ಸಿನಿಮಾ ಅದು, ಹಳೇದೇ. ನಮಗೆ ಹಳೇದು ಅನ್ನೋದೇ ತೊಂದರೆ ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ ನಿಮ್ಮ ವಯಸ್ಸಿನವರು ಗಮನಿಸಿಲ್ಲ ಅನ್ನಿಸುತ್ತದೆ. ಆ ಕಾಲದಲ್ಲಿ ಕಾಮಿಡಿ ಟ್ರ್ಯಾಕ್ ಬೇರೆ, ಕಥೆ ಬೇರೆ. ಕಥೆಗೂ ಅದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ನೀವು ಎರಡೂವರೆ ಗಂಟೆ ಕೂತು ನೋಡಿದಿರಿ. ತಾಯಿ ಪಾತ್ರ, ಹಾಡು, ಅಳು ಎಲ್ಲದರ ನಡುವೆ ಅದು ಎಂಟು ನಿಮಿಷ ಬಂದು ಹೋಯಿತು. ನಮಗೆ ಸಿಗುವುದು ಆ ಎಂಟು ನಿಮಿಷ ಮಾತ್ರ. ಅದನ್ನು ಕತ್ತರಿಸಿ, ಮೂವತ್ತು ಸೆಕೆಂಡ್ ಮಾಡಿ, ಮೇಲೆ ನಗುವ ಮುಖ ಅಂಟಿಸಿ ಬಿಡುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಫೋನ್ ತೆಗೆದರೆ ದಪ್ಪ ಹೆಂಗಸು ಕುರ್ಚಿ ಮುರಿಯುತ್ತಾಳೆ. ಕಪ್ಪು ಹುಡುಗಿಯನ್ನು ನೋಡಿ ವರ ಕಿರುಚುತ್ತಾನೆ. ಸೀರೆ ಉಟ್ಟ ಗಂಡಸು ಕಂಡ ತಕ್ಷಣ ಎಲ್ಲರೂ ಓಡುತ್ತಾರೆ. ಸಿನಿಮಾದಲ್ಲಿ ಬೇರೆ ಏನಿತ್ತು ಅಂತ ನಮಗೆ ಗೊತ್ತಾಗುವುದೇ ಇಲ್ಲ.

ಆ ಸೀರೆಯ ಜೋಕಿನ ಬಗ್ಗೆ ಒಂದು ಮಾತು. ನಾನು ಹತ್ತನೇ ಕ್ಲಾಸು ಓದುತ್ತಿದ್ದ ವರ್ಷ, 2014ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳನ್ನು ಮಾನ್ಯ ಮಾಡಿತು. ಮುಂದಿನ ವರ್ಷ ಸಂಚಾರಿ ವಿಜಯ್ ಅವರಿಗೆ 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ. ಆಮೇಲೆ ತೃತೀಯ ಲಿಂಗಿ ಕಲಾವಿದೆ ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ನಾವು ಬೆಳೆಯುತ್ತಾ ಕಂಡಿದ್ದು ಇದು. ಇದನ್ನು ಕಂಡ ಕಣ್ಣಿಗೆ ಆ ಹಳೇ ಜೋಕು ಏನು ಅಂತ ಅರ್ಥವೇ ಆಗುವುದಿಲ್ಲ. ಓಡುವುದು ಯಾಕೆ? ಅವರು ಏನು ಮಾಡಿದರು?

ಹೇಮಾವತಿ_ತೀರ, ಹಾಸನ

ಮಲ್ಲಿಗೆ ಪುಟ್ಟಿ, ಚೆನ್ನಾಗಿ ಬರೆದಿದ್ದೀಯ. ಆದರೆ ನಾವು ಆಗಲೂ ಕಣ್ಣು ಮುಚ್ಚಿಕೊಂಡು ನೋಡುತ್ತಿರಲಿಲ್ಲಮ್ಮ.

1989ರಲ್ಲಿ 'ನಂಜುಂಡಿ ಕಲ್ಯಾಣ' ಬಂದಾಗ ನಾನು ಪಿಯುಸಿ, ಲೇಡೀಸ್ ಹಾಸ್ಟೆಲ್. ಗರ್ವದ ಹುಡುಗಿಯನ್ನು ಮದುವೆಯಾಗಿ ದಾರಿಗೆ ತರುವ ಕಥೆ. ಮೂಲ ಷೇಕ್ಸ್‌ಪಿಯರ್ ನಾಟಕ, ಪರ್ವತವಾಣಿ ಅದನ್ನು ಕನ್ನಡ ರಂಗಭೂಮಿಗೆ ತಂದಿದ್ದರು. ನನ್ನ ಮಗಳು ಈಗ ನೋಡಿ, 'ಅಮ್ಮ, ಇದಕ್ಕೆ ನೀವು ಹೇಗೆ ನಕ್ಕಿರಿ? ಹುಡುಗಿಯನ್ನು ಬಗ್ಗಿಸೋದೇ ಕಾಮಿಡಿನಾ?' ಅಂತ ಕೇಳಿದಳು.

ನಾನು ಕೂತು ಯೋಚನೆ ಮಾಡಿದೆ. ನಾವು ಹನ್ನೊಂದು ಹುಡುಗಿಯರು ವಾರ್ಡನ್ ಕೈಲಿ ಬೈಸಿಕೊಂಡು ಮ್ಯಾಟಿನಿಗೆ ಹೋಗಿದ್ದು ಮಾಲಾಶ್ರೀಯನ್ನು ನೋಡಲು. ಅವಳು ದಬಾಯಿಸಿ ಮಾತಾಡುವುದು ನೋಡಲು. ಗಂಡಸರ ಮುಂದೆ ಆ ಥರ ಮಾತಾಡಿದ ಹುಡುಗಿಯನ್ನು ನಾವು ಅಲ್ಲಿವರೆಗೂ ಕಂಡಿರಲಿಲ್ಲ. ಹಾಸ್ಟೆಲಿಗೆ ಬಂದು ಮಂಚದ ಮೇಲೆ ನಿಂತು ಅವಳ ಮಾತನ್ನೇ ಹೇಳುತ್ತಿದ್ದೆವು. ಅವಳು ಬಗ್ಗಿದ ಭಾಗವನ್ನು ಒಬ್ಬರೂ ಆಡಿ ತೋರಿಸಲಿಲ್ಲ. ಸಿನಿಮಾ ಅವಳನ್ನು ಸೋಲಿಸಿತು, ನಾವು ಸೋಲಿಸಲಿಲ್ಲ.

ಮಗಳಿಗೆ ಇದನ್ನೇ ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. 'ಆದರೂ ಅಮ್ಮ, ಅವಳು ಕೊನೆಯಲ್ಲಿ ಕಾಲಿಗೆ ಬೀಳೋ ಹುಡುಗಿ ಆಗಬೇಕಿರಲಿಲ್ಲ' ಅಂದಳು. ಅದೂ ನಿಜ.

ಮಂಡ್ಯದ_ಕಬ್ಬು

ಮೂರು ದಿನದಿಂದ ಈ ಚರ್ಚೆ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ. ನನಗೆ 47 ವರ್ಷ. ನನಗೆ ತೊದಲು ಇದೆ, ಈಗಲೂ ಇದೆ.

ರೀಲು ಸರ್ ಹೇಳಿದಂಥ ಸೀನುಗಳನ್ನು ನಾನೂ ಟೆಂಟಿನಲ್ಲಿ ನೋಡಿದ್ದೇನೆ. ಅಕ್ಕಪಕ್ಕ ನನ್ನ ಕ್ಲಾಸಿನವರೇ ಇರುತ್ತಿದ್ದರು. ತೆರೆಯ ಮೇಲೆ ಅವನು ಸಿಕ್ಕಿಕೊಂಡ ತಕ್ಷಣ ಆರು ಜನ ತಿರುಗಿ ನನ್ನ ಮುಖ ನೋಡುತ್ತಿದ್ದರು. ಕತ್ತಲಲ್ಲೂ ಗೊತ್ತಾಗುತ್ತದೆ ಅದು. ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ಜಾಸ್ತಿ ನೋಡುತ್ತಾರೆ. ಮಾರನೇ ದಿನ ಸ್ಕೂಲಿನಲ್ಲಿ ಹಾಜರಿ ಕೂಗುವಾಗ ನನ್ನ ಸರದಿಗೆ ಹಿಂದಿನಿಂದ ಯಾರಾದರೂ ಬೆನ್ನಿಗೆ ಗುದ್ದುತ್ತಿದ್ದರು. ಸಿನಿಮಾದಲ್ಲಿ ಹಾಗೆ ಮಾಡಿದರೆ ಮಾತು ಬರುತ್ತಲ್ಲ, ಅದಕ್ಕೆ. ಒಂದು ವರ್ಷ ಪೂರ್ತಿ ಗುದ್ದು ತಿಂದಿದ್ದೇನೆ. ಅವರು ಕೆಟ್ಟ ಹುಡುಗರಲ್ಲ. ಇಬ್ಬರು ಈಗಲೂ ಸ್ನೇಹಿತರೇ.

ಇನ್ನೊಂದು ಹೇಳುತ್ತೇನೆ. ಕಾಲೇಜಿಗೆ ಮಂಡ್ಯಕ್ಕೆ ಬರುತ್ತಿದ್ದೆ, ಊರಿಗೆ ಹೋಗಲು ಮದ್ದೂರಿನಲ್ಲಿ ಇಳಿಯಬೇಕು. 'ಮ' ನನಗೆ ಹೊರಡುತ್ತಿರಲಿಲ್ಲ. ತುಟಿ ಮುಚ್ಚಿದರೆ ಹಾಗೇ ಅಂಟಿಕೊಂಡುಬಿಡುತ್ತಿತ್ತು. ಕಂಡಕ್ಟರ್ ಮುಂದಿನ ಸೀಟಿಗೆ ಬರುತ್ತಿದ್ದ ಹಾಗೆ ಅಂಗೈ ಬೆವರುತ್ತಿತ್ತು. 'ಚ' ಸಲೀಸು. ಅದಕ್ಕೆ ಚನ್ನಪಟ್ಟಣಕ್ಕೆ ಟಿಕೆಟ್ ತಗೊಂಡು ಮದ್ದೂರಿನಲ್ಲಿ ಇಳಿಯುತ್ತಿದ್ದೆ. ಮೂರು ವರ್ಷ ಹೋಗದ ಊರಿಗೆ ದುಡ್ಡು ಕೊಟ್ಟಿದ್ದೇನೆ. ಮನೆಯಲ್ಲಿ ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳಿದರೆ ಅದನ್ನೂ ಹೇಳಲು ಆಗುತ್ತಿರಲಿಲ್ಲ.

ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಅಲ್ಲಿ ಹೇಳಿಕೊಟ್ಟ ಅಭ್ಯಾಸದಿಂದ ತುಂಬಾ ಸಹಾಯ ಆಯಿತು. ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಹೀಗಿರುತ್ತದೆ ಅಂತ ಅಲ್ಲೇ ತಿಳಿದದ್ದು. ನೂರಕ್ಕೆ ಒಬ್ಬ ಅಂದರೆ ಆ ಟೆಂಟಿನಲ್ಲಿ ನನ್ನ ಹಾಗೆ ಇನ್ನೂ ನಾಲ್ಕೈದು ಜನ ಇದ್ದಿರಬೇಕು. ಅವರೂ ನನ್ನ ಹಾಗೇ ನಗುತ್ತಾ ಕೂತಿದ್ದಿರಬೇಕು.

ಬಾಲು ಅವರೇ, ಸಿನಿಮಾ ಕತ್ತರಿಸಿ ಅಂತ ನಾನು ಕೇಳುವುದಿಲ್ಲ. ಅದು ಇರಲಿ. ಆದರೆ 'ಆ ಕಾಲದಲ್ಲಿ ಯಾರಿಗೂ ನೋವಾಗುತ್ತಿರಲಿಲ್ಲ' ಅನ್ನುವ ಮಾತು ಮಾತ್ರ ಯಾರೂ ಹೇಳಬೇಡಿ.

ಬಸವನಗುಡಿ_ಬಾಲು

ಮಂಡ್ಯದವರೇ, ಎರಡು ಸಲ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಆ ಮಾತು ನಾನು ಇಲ್ಲಿ ಬರೆದಿಲ್ಲ, ಆದರೆ ಹೊರಗೆ ಎಷ್ಟೋ ಸಲ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಕೋರ್ಟ್_ಕಟ್ಟೆ, ಬೆಂಗಳೂರು

ವಕೀಲಿ ವೃತ್ತಿಯಲ್ಲಿರುವವನು. ನನಗೆ ಗೊತ್ತಿರುವ ಎರಡು ಸಂಗತಿ ಸೇರಿಸುತ್ತೇನೆ.

ಸೆನ್ಸಾರ್ ಮಂಡಳಿಗೆ ಕೇಂದ್ರ ಸರ್ಕಾರ 1991ರಲ್ಲಿ ಕೊಟ್ಟ ಮಾರ್ಗಸೂಚಿಯೇ ಇವತ್ತಿಗೂ ಬಳಕೆಯಲ್ಲಿದೆ. ಅಂಗವಿಕಲರನ್ನು ಹೀಯಾಳಿಸುವ ದೃಶ್ಯ ಸುಮ್ಮಸುಮ್ಮನೆ ಬರಬಾರದು ಅಂತ ಅದರಲ್ಲಿದೆ. ಕೀಳು ಅಭಿರುಚಿಯ ದ್ವಂದ್ವಾರ್ಥದ ಮಾತು ಕೂಡದು ಅಂತಲೂ ಇದೆ. ಅಂದರೆ ತೊಂಬತ್ತರ ದಶಕದಲ್ಲಿ ಇಂಥ ಹಾಸ್ಯ ಓಡುತ್ತಿದ್ದಾಗಲೇ, ಅದು ಸರಿಯಲ್ಲ ಅಂತ ಬರೆದಿಟ್ಟ ಕಾಗದ ಮೇಜಿನ ಮೇಲೆ ಇತ್ತು. ಗೊತ್ತಿರಲಿಲ್ಲ ಅನ್ನುವುದಕ್ಕಿಂತ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ ಅನ್ನುವುದು ಸರಿ.

ಈಚಿನದು ಅಂದರೆ 2024ರ ಜುಲೈ 8ರ ಸುಪ್ರೀಂ ಕೋರ್ಟ್ ತೀರ್ಪು. ಒಂದು ಹಿಂದಿ ಸಿನಿಮಾದಲ್ಲಿ ಅಂಗವಿಕಲರನ್ನು ಗೇಲಿ ಮಾಡಿದ್ದಾರೆ ಅಂತ ಅಂಗವೈಕಲ್ಯ ಇರುವವರೊಬ್ಬರು ಹಾಕಿದ್ದ ಕೇಸು. ಕೋರ್ಟು ಸಿನಿಮಾ ನಿಲ್ಲಿಸಲಿಲ್ಲ. ಅದರ ಬದಲು ಒಂದು ಗೆರೆ ಎಳೆಯಿತು. ಅಂಗವೈಕಲ್ಯದ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಆ ಮನುಷ್ಯರನ್ನೇ ಕುಗ್ಗಿಸುವ ಹಾಸ್ಯ ಬೇರೆ. ಇಂಥ ಪಾತ್ರ ಬರೆಯುವ ಮೊದಲು ಅವರನ್ನೇ ಕೇಳಿ ಅಂತಲೂ ಹೇಳಿತು. ನನಗೆ ಆ ತೀರ್ಪಿನಲ್ಲಿ ಬಹಳ ಹಿಡಿಸಿದ್ದು ಈ ಭಾಗ. ನಿಷೇಧ ಇಲ್ಲ, ಬೆದರಿಕೆ ಇಲ್ಲ, ಹೋಗಿ ಕೇಳಿ ಅಷ್ಟೇ.

ಇನ್ನು 'ಆ ಕಾಲ' ಅನ್ನುವ ಮಾತು. 1971ರಲ್ಲೇ ಪುಟ್ಟಣ್ಣ ಕಣಗಾಲ್ 'ಶರಪಂಜರ' ಮಾಡಿದ್ದರು, ತ್ರಿವೇಣಿಯವರ ಕಾದಂಬರಿ. ಬಾಣಂತನದ ನಂತರ ಮಾನಸಿಕ ಕಾಯಿಲೆಯಾಗಿ, ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಸುತ್ತಲಿನವರು 'ಹುಚ್ಚಿ' ಅಂತ ನೋಡಿ ನೋಡಿಯೇ ಮತ್ತೆ ಅಲ್ಲಿಗೆ ತಳ್ಳುತ್ತಾರೆ. ಜನ ಮುಗಿಬಿದ್ದು ನೋಡಿದರು, ಅತ್ತರು. ಅದೇ ಜನ ಹುಚ್ಚಾಸ್ಪತ್ರೆ ಕಾಮಿಡಿಗೂ ನಕ್ಕರು. ಎರಡೂ ಒಂದೇ ಕಾಲ, ಒಂದೇ ಊರು.

ಪ್ರಚಂಡ84, ಭದ್ರಾವತಿ

ನನ್ನದು ಸ್ವಲ್ಪ ಬೇರೆ ಕಥೆ. ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಸ್ಕೂಲಿನಲ್ಲಿ 'ಕುಳ್ಳ' ಅಂತಲೇ ಹೆಸರು. ನನಗೆ ಅದು ಬಹಳ ಬೇಜಾರು, ಪ್ರಾರ್ಥನೆಗೆ ಸಾಲು ನಿಲ್ಲಿಸುವಾಗ ಮೊದಲು ನಿಲ್ಲಬೇಕಲ್ಲ ಅಂತ ಲೇಟಾಗಿ ಹೋಗುತ್ತಿದ್ದೆ.

1984ರಲ್ಲಿ 'ಪ್ರಚಂಡ ಕುಳ್ಳ' ಬಂತು. ಊರ ತುಂಬಾ ಪೋಸ್ಟರು, ಅದರಲ್ಲಿ ದ್ವಾರಕೀಶ್. ಬೇರೆಯವರು ಅಂದರೆ ಬೈಗುಳ ಆಗುವ ಮಾತನ್ನು ಆ ಮನುಷ್ಯ ತಾನೇ ಎತ್ತಿಕೊಂಡು ಸಿನಿಮಾದ ಹೆಸರು ಮಾಡಿದ್ದರು. ದುಡ್ಡು ಹಾಕುವವರೂ ಅವರೇ, ನಟಿಸುವವರೂ ಅವರೇ. ಆ ವಾರ ಯಾರೋ ನನ್ನನ್ನು ಕುಳ್ಳ ಅಂದಾಗ 'ಬರೀ ಕುಳ್ಳ ಅಲ್ಲ, ಪ್ರಚಂಡ ಕುಳ್ಳ' ಅಂದೆ. ಹುಡುಗರು ನಕ್ಕರು. ಈ ಸಲ ನನ್ನ ಕಡೆಗೆ ನಕ್ಕರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ದಿನ ನಾನು ಕೆಲಸಕ್ಕೆ ಹೋಗಲಿಲ್ಲ.

ಅದಕ್ಕೇ ಕೇಳುವುದು, ಕುಳ್ಳರ ಜೋಕು ಅಂದ ತಕ್ಷಣ ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ನನಗೆ ಬೆನ್ನು ನೇರ ಮಾಡಿಕೊಟ್ಟಿದ್ದು ಅಂಥದ್ದೇ ಒಂದು ಸಿನಿಮಾ.

ಮಲ್ಲಿಗೆ98

ಅಣ್ಣ, ಇದನ್ನು ನನ್ನ ತಮ್ಮನಿಗೆ ಕಳಿಸಿದೆ. ಅವನೂ ನಿಮ್ಮಷ್ಟೇ ಎತ್ತರ.

ಕತ್ತರಿ_ಬಾಚಣಿಗೆ, ಚಿತ್ರದುರ್ಗ

ನಮ್ಮದು ಸವಿತಾ ಸಮಾಜ. ಅಪ್ಪ ಅಂಗಡಿ ನಡೆಸುತ್ತಿದ್ದರು, ಮದುವೆ ಸೀಜನ್ನಿನಲ್ಲಿ ನಾಗಸ್ವರ ನುಡಿಸುತ್ತಿದ್ದರು. ಗಿರಾಕಿ ಕಾಯುವಾಗ ಬೇಜಾರಾಗಬಾರದು ಅಂತ 1996ರಲ್ಲಿ ಸಾಲ ಮಾಡಿ ಅಂಗಡಿಗೆ ಒಂದು ಪೋರ್ಟಬಲ್ ಟಿವಿ ತಂದರು.

ಒಂದು ಸಂಜೆ ಸಿನಿಮಾ ನಡೆಯುತ್ತಿತ್ತು. ಹೀರೋ ಯಾರಿಗೋ ಬೈಯುತ್ತಾ ನಮ್ಮ ಜಾತಿಯ ಹೆಸರನ್ನು ಬೈಗುಳವಾಗಿ ಅಂದ. ಆ ಪದ ನಾನು ಇಲ್ಲಿ ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು. ಬೆಂಚಿನ ಮೇಲೆ ಕೂತಿದ್ದವರು ಗೊಳ್ಳೆಂದರು. ಅಪ್ಪ ಒಬ್ಬರಿಗೆ ಗಡ್ಡ ಹೆರೆಯುತ್ತಿದ್ದರು. ಕತ್ತಿ ಆ ಗಿರಾಕಿಯ ಗಂಟಲ ಹತ್ತಿರ ನಿಂತುಬಿಟ್ಟಿತು. ನಾನು ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದಿದ್ದೆ. ಕನ್ನಡಿಯಲ್ಲಿ ಬೆಂಚಿನವರೆಲ್ಲ ಕಾಣುತ್ತಿದ್ದರು, ಅವರಿಗೂ ಅಪ್ಪನ ಮುಖ ಕಾಣುತ್ತಿತ್ತು. ನಗು ಒಂದೊಂದಾಗಿ ನಿಂತಿತು. ಅಪ್ಪ ಏನೂ ಆಗದ ಹಾಗೆ ಕತ್ತಿಯನ್ನು ಬಟ್ಟೆಗೆ ಒರೆಸಿ ಮುಂದುವರಿಸಿದರು. ರಾತ್ರಿ ಟಿವಿಯನ್ನು ಮನೆಗೆ ತಂದು ಅಮ್ಮನಿಗೆ ಕೊಟ್ಟರು. ಅಂಗಡಿಗೆ ಮತ್ತೆ ಟಿವಿ ಬರಲಿಲ್ಲ.

2009ರಲ್ಲಿ ಶಾರುಖ್ ಖಾನ್ ಅವರ ಹಿಂದಿ ಸಿನಿಮಾದ ಹೆಸರಿನಿಂದ 'ಬಾರ್ಬರ್' ಅನ್ನುವ ಪದವನ್ನು ಕೈಬಿಟ್ಟಾಗ ಎಷ್ಟೋ ಜನ ಇದು ಅತಿಯಾಯಿತು ಅಂದರು. ಅಪ್ಪ ಮಾತ್ರ ಆ ಸುದ್ದಿ ಇದ್ದ ಪೇಪರನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ಈಗಿನ ಹುಡುಗರು ಈ ಪದಕ್ಕೆ ನಗುವುದಿಲ್ಲ ಅಂದರೆ ನನಗೆ ಅದು ತುಂಬಾ ದೊಡ್ಡದು. ಅಪ್ಪ ಇದ್ದಿದ್ದರೆ ಹೇಳುತ್ತಿದ್ದೆ.

ಧಾರವಾಡದಾಕಿ

ಕತ್ತರಿ ಅಣ್ಣಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಕಡೆಯವರ ನೋವು ನಿಮ್ಮಷ್ಟು ಆಳದ್ದಲ್ಲ, ಆದರೂ ಇದೆ. ಎಷ್ಟೋ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂದರೆ ಅದು ವಾಚ್‌ಮನ್ನನ ಬಾಯಲ್ಲಿ, ಇಲ್ಲಾಂದರೆ ಪೆದ್ದನ ಬಾಯಲ್ಲಿ. ಹೀರೋ ಹೀರೋಯಿನ್ ಮಾತ್ರ ಮೈಸೂರು ಕಡೆಯ ಕನ್ನಡ. ಬೇಂದ್ರೆ ಅಜ್ಜಾರು ಪದ್ಯ ಕಟ್ಟಿದ ಮಾತಿದು, ಜ್ಞಾನಪೀಠ ಬಂದ ಮಾತಿದು. ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೊದಲ ವಾರ, ಮೀಟಿಂಗಿನಲ್ಲಿ 'ಹೌದ್ರೀ' ಅಂದದ್ದಕ್ಕೆ ಒಬ್ಬರು ಕಾಮಿಡಿ ನಟನ ಧಾಟಿಯಲ್ಲಿ ತಿರುಗಿ ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ಎರಡು ವರ್ಷ ಆಫೀಸಿನಲ್ಲಿ ನನ್ನ ಮಾತು ಆಡಲಿಲ್ಲ, ಅವ್ವನ ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗುತ್ತಿದ್ದೆ.

ಈಗ ನನ್ನ ತಂಡದಲ್ಲಿ ಕಲಬುರಗಿಯ ಒಬ್ಬ ಹುಡುಗ ಇದ್ದಾನೆ, 23 ವರ್ಷ. ಯಾರ ಮುಂದೆ ಬೇಕಾದರೂ ತನ್ನ ಮಾತಲ್ಲೇ ಮಾತಾಡುತ್ತಾನೆ. ಅವನನ್ನು ನೋಡಿ ನಾನೂ ಮತ್ತೆ 'ಹೌದ್ರೀ' ಅನ್ನಲು ಶುರು ಮಾಡಿದ್ದೇನೆ.

ದೂರದ_ಕನ್ನಡಿಗ, ನ್ಯೂಜೆರ್ಸಿ

ಇಲ್ಲಿ ಏನು ಮಾಡಿದ್ದಾರೆ ಅಂತ ಹೇಳುತ್ತೇನೆ, ಉಪಯೋಗ ಆಗಬಹುದು. 2020ರಲ್ಲಿ ಡಿಸ್ನಿಯವರು ತಮ್ಮ ಕೆಲವು ಹಳೇ ಕಾರ್ಟೂನುಗಳ ಮೊದಲಿಗೆ ಒಂದು ಸೂಚನೆ ಹಾಕಿದರು. 'ಈ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು' ಅನ್ನುವ ಅರ್ಥದ್ದು. ಚಿತ್ರವನ್ನು ತೆಗೆಯಲಿಲ್ಲ. ಅದೇ ವರ್ಷ 1939ರ 'ಗಾನ್ ವಿತ್ ದ ವಿಂಡ್' ಚಿತ್ರವನ್ನು, ಅದು ಕಪ್ಪು ಜನರ ಗುಲಾಮಗಿರಿಯನ್ನು ಚಂದ ಮಾಡಿ ತೋರಿಸುತ್ತದೆ ಅನ್ನುವ ಕಾರಣಕ್ಕೆ, ಒಂದು ಒಟಿಟಿಯವರು ತೆಗೆದು, ಕೆಲವೇ ದಿನಗಳಲ್ಲಿ ವಾಪಸ್ ಹಾಕಿದರು. ಮೊದಲಿಗೆ ಸಿನಿಮಾ ಇತಿಹಾಸ ಓದಿದ ಒಬ್ಬ ಕಪ್ಪು ಮಹಿಳೆ ನಾಲ್ಕೈದು ನಿಮಿಷ ಮಾತಾಡುತ್ತಾರೆ. ಆಮೇಲೆ ಸಿನಿಮಾ ಪೂರ್ತಿ ಬರುತ್ತದೆ. ನನ್ನ ಮಗ ಆ ಮಾತು ಕೇಳಿದ ಮೇಲೆ ಸಿನಿಮಾ ಜಾಸ್ತಿ ಗಮನ ಕೊಟ್ಟು ನೋಡಿದ. ಬಾಲು ಅವರೇ, ಕನ್ನಡದ ಹಳೇ ಸಿನಿಮಾಗಳಿಗೆ ಹಾಗೆ ಮಾತಾಡಲು ನಿಮ್ಮಂಥವರೇ ಬೇಕು. ಪರದೆ ಮುಂದೆ ಹಾಸ್ಯಗಾರ ನಿಲ್ಲುತ್ತಿದ್ದ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು.

ಬಸವನಗುಡಿ_ಬಾಲು

ಅದನ್ನು ಮಾಡಬಹುದು. ಆದರೆ ನಾನೊಬ್ಬನೇ ಮಾತಾಡಿದರೆ ಸಾಲದು, ಪಕ್ಕದಲ್ಲಿ ಮಂಡ್ಯದವರೂ ಕೂರಬೇಕು.

ಹಳೇ_ರೀಲು

ಎಲ್ಲರೂ ಇಷ್ಟು ಮನಸ್ಸು ಬಿಚ್ಚಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಈ ಚರ್ಚೆಯ ಕೊಂಡಿಯನ್ನು ನಿನ್ನೆ ರಾತ್ರಿ ಮಗಳಿಗೆ ಕಳಿಸಿದೆ. ಬಾಯಲ್ಲಿ ಕೇಳಲು ಆಗದ್ದನ್ನು ಹಾಗಾದರೂ ಕೇಳೋಣ ಅಂತ. ಓದಿದ್ದಾಳೆ. ತಾನೂ ಬರೆಯುತ್ತೇನೆ ಅಂದಿದ್ದಾಳೆ.

ರೀಲಿನ_ಮಗಳು

ಎಲ್ಲರಿಗೂ ನಮಸ್ಕಾರ. ಆ ತೊಳೆ ಕೆಳಗೆ ಇಟ್ಟವಳು ನಾನೇ.

ಅಪ್ಪ, ನನಗೆ ಸಿನಿಮಾ ಮೇಲೆ ಕೋಪ ಬಂದಿರಲಿಲ್ಲ. ಅದು ನಾನು ಹುಟ್ಟುವ ಮೊದಲು ಬಂದಿದ್ದು, ಅದನ್ನು ಮಾಡಿದವರು ಈಗ ಇದ್ದಾರೋ ಇಲ್ಲವೋ. ಅವರ ಮೇಲೆ ಕೋಪ ಮಾಡಿಕೊಂಡು ಏನು ಮಾಡಲಿ?

ನನ್ನ ರೂಮ್‌ಮೇಟ್‌ಗೆ ತೊದಲು ಇದೆ. ಸೆಮಿನಾರಿನಲ್ಲಿ ತನ್ನ ಹೆಸರು ಹೇಳಲು ಅವಳಿಗೆ ಕೆಲವು ಸಲ ಅರ್ಧ ನಿಮಿಷ ಬೇಕು. ಹೆಸರಿಗೆ ಬದಲಿ ಪದ ಇಲ್ಲ ಅಲ್ವಾ, ಚನ್ನಪಟ್ಟಣ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗಲ್ಲ. ನಮ್ಮ ಕ್ಲಾಸಿನಲ್ಲಿ ಯಾರೂ ನಗುವುದಿಲ್ಲ, ಕಾಯುತ್ತಾರೆ. ಗೌರಿ ಹಬ್ಬಕ್ಕೆ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬರಬೇಕು ಅಂತ ಮೂರು ತಿಂಗಳಿಂದ ಅಂದುಕೊಂಡಿದ್ದೆ. ಆ ಭಾನುವಾರ ಅದನ್ನು ಹೇಳಲೆಂದೇ ನಿಮ್ಮ ಪಕ್ಕ ಬಂದು ಕೂತಿದ್ದು. ಆಗ ಆ ಸೀನು ಬಂತು, ನೀವು ಗುದ್ದು ಬೀಳುವ ಮೊದಲೇ ನಕ್ಕಿರಿ. ನಾನು ಸಿನಿಮಾ ನೋಡುತ್ತಿರಲಿಲ್ಲ ಅಪ್ಪ, ನಿಮ್ಮನ್ನು ನೋಡುತ್ತಿದ್ದೆ. ಅವಳು ಬಂದು ಬಾಗಿಲಲ್ಲಿ ನಿಂತು ಹೆಸರು ಹೇಳುವಾಗ ನಿಮ್ಮ ಮುಖ ಹೇಗಿರುತ್ತೋ ಅಂತ ಹೆದರಿಕೆ ಆಯಿತು. ಅದಕ್ಕೆ ಎದ್ದು ಹೋದೆ.

ಹಳೇ_ರೀಲು

ಪುಟ್ಟಿ, ಕರೆದುಕೊಂಡು ಬಾ. ಗೌರಿಗೂ ಇರಲಿ, ಮಾರನೇ ದಿನ ಗಣೇಶನಿಗೂ ಇರಲಿ. ಅಮ್ಮನಿಗೆ ಹೇಳಿದ್ದೇನೆ, ಮೇಲಿನ ರೂಮು ಖಾಲಿ ಮಾಡುತ್ತಿದ್ದಾಳೆ.

ಮಂಡ್ಯದವರೇ, ನಿಮ್ಮನ್ನೇ ಕೇಳುತ್ತೇನೆ. ಆ ಮಗು ಬಂದಾಗ ನಾನು ಏನು ಮಾಡಬೇಕು, ಏನು ಮಾಡಬಾರದು? ನನಗೆ ನಿಜವಾಗಲೂ ಗೊತ್ತಿಲ್ಲ.

ಮಂಡ್ಯದ_ಕಬ್ಬು

ಸರ್, ಸುಲಭ ಇದೆ. ಅವಳು ಸಿಕ್ಕಿಕೊಂಡಾಗ ನೆಲ ನೋಡಬೇಡಿ, ಅವಳ ಮುಖವನ್ನೇ ನೋಡಿ. ಪದ ಗೊತ್ತಾದರೂ ನೀವು ಮುಗಿಸಬೇಡಿ. 'ನಿಧಾನವಾಗಿ ಹೇಳಮ್ಮ', 'ಉಸಿರು ತಗೋ' ಅನ್ನಬೇಡಿ, ಅದನ್ನು ನಾವು ಸಾವಿರ ಸಲ ಕೇಳಿರುತ್ತೇವೆ. ಅರ್ಧ ನಿಮಿಷ ಆದರೆ ಅರ್ಧ ನಿಮಿಷ, ಕಾಯಿರಿ. ಕಡುಬು ಬೇಕಾ ಅಂತ ಕೇಳಿದರೆ 'ಬೇಡ' ಅನ್ನುವುದು ನಮಗೆ ಕೆಲವು ಸಲ 'ಬೇಕು' ಅನ್ನುವುದಕ್ಕಿಂತ ಸಲೀಸು. ಹಾಗಾಗಿ ಇನ್ನೊಂದು ಸಲ ಕೇಳಿ.